ಬಿಡಿಸುವ ಮುನ್ನ ಬರೆದಿಡಿ: ಪುಟ್ಟ ಮಗುವಿನ ಹೊಟ್ಟೆ ಮತ್ತು ಪಥ್ಯ

ಮಗುವಿಗೆ ಪದೇಪದೇ ಹೊಟ್ಟೆ ಕೆಡುತ್ತದೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ತಟ್ಟೆಯಿಂದ ಒಂದೊಂದನ್ನೇ ತೆಗೆಯುವ ಕೆಲಸ ಶುರುವಾಗುತ್ತದೆ. ಹಾಲು ಬೇಡ, ಕಫ. ಬಾಳೆಹಣ್ಣು ಬೇಡ, ಶೀತ. ಬೇಳೆ ಬೇಡ, ವಾಯು. ಮೊಟ್ಟೆ ಬೇಡ, ಉಷ್ಣ. ಮೊಬೈಲ್ ವಿಡಿಯೊಗಳ ಕೃಪೆಯಿಂದ ಈಚೆಗೆ ಗೋಧಿಯೂ ಈ ಪಟ್ಟಿಗೆ ಸೇರಿದೆ. ತಿಂಗಳು ಕಳೆಯುವುದರೊಳಗೆ ಎರಡು ವರ್ಷದ ಕೂಸು ಗಂಜಿ, ತಿಳಿಸಾರಿನ ಮೇಲೆ ಬದುಕುತ್ತಿರುತ್ತದೆ. ಹೊಟ್ಟೆಯ ತೊಂದರೆ ಹೋಯಿತೋ ಇಲ್ಲವೋ, ತೂಕವಂತೂ ಹೋಗಿರುತ್ತದೆ.

ಪಥ್ಯವೇ ತಪ್ಪೆಂದಲ್ಲ, ಕೆಲವು ಮಕ್ಕಳಿಗೆ ಅದೇ ಔಷಧಿ. ಆದರೆ ಯಾವ ಒಂದು ಆಹಾರವನ್ನು ಬಿಡಿಸುತ್ತಿದ್ದೇವೆ, ಎಷ್ಟು ದಿನಕ್ಕೆ, ಅದರ ಬದಲಿಗೆ ಏನು ಕೊಡುತ್ತೇವೆ ಎಂಬುದು ಗೊತ್ತಿಲ್ಲದಿದ್ದರೆ ಶುರು ಮಾಡಲೇಬೇಡಿ. ಇಲ್ಲಿರುವುದು ಒಂದರಿಂದ ಐದು ವರ್ಷದ ಮಕ್ಕಳ ಮಾತು. ವರ್ಷ ತುಂಬದ ಕೂಸಿನ ಆಹಾರದಲ್ಲಿ ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬಾರದು.

ಅಡುಗೆಮನೆಗೆ ಮೊದಲು ಆಸ್ಪತ್ರೆ

ಎರಡು ದಿನದ ಭೇದಿಗೆ ಪಥ್ಯ ಬೇಕಿಲ್ಲ. ಓಆರ್‌ಎಸ್ ಬೇಕು, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು; ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರ್. ಜೊತೆಗೆ ವೈದ್ಯರು ಬರೆದುಕೊಡುವ ಜಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಎದೆಹಾಲು, ಊಟ ಎರಡೂ ಮುಂದುವರಿಯಲಿ. ಟೆಟ್ರಾಪ್ಯಾಕಿನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ, ಅದರ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಭೇದಿ ಎರಡು ವಾರ ದಾಟಿದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರಾಗಿದ್ದರೆ, ಹೊಟ್ಟೆ ಊದಿಕೊಂಡೇ ಇದ್ದರೆ, ನೋವಿಗೆ ಮಗು ರಾತ್ರಿ ಎದ್ದು ಅತ್ತರೆ, ತೂಕ ಇಳಿದರೆ ಮನೆಯಲ್ಲಿ ಪ್ರಯೋಗ ಬೇಡ. ಹಸಿರು ವಾಂತಿಗಂತೂ ಬೆಳಗಾಗಲಿ ಎಂದು ಕಾಯಬಾರದು. ಭದ್ರಾವತಿಯವರಿಗೆ ತಾಲ್ಲೂಕು ಆಸ್ಪತ್ರೆ ಇದೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗವಿದೆ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಅದರ ಬೆಳವಣಿಗೆ ನಕ್ಷೆಯಲ್ಲಿ ಅಂಗನವಾಡಿಯವರು ಗುರುತಿಸಿದ ತೂಕದ ಚುಕ್ಕೆಗಳನ್ನು ನೋಡಿದರೆ ವೈದ್ಯರಿಗೆ ಅರ್ಧ ವಿಷಯ ತಿಳಿಯುತ್ತದೆ. ಮಲದ ಬಣ್ಣ ಬಾಯಲ್ಲಿ ವಿವರಿಸುವ ಬದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ಅಸಹ್ಯಪಡುವ ಅಗತ್ಯವಿಲ್ಲ, ಮಕ್ಕಳ ಡಾಕ್ಟರು ದಿನಾ ನೋಡುವುದೇ ಅದು.

ಬಹಳ ಸಲ ಕಾರಣ ತೀರಾ ಸಾಮಾನ್ಯವಾಗಿರುತ್ತದೆ. ಜಂತುಹುಳು ಇರಬಹುದು, ಫೆಬ್ರುವರಿ, ಆಗಸ್ಟ್ ತಿಂಗಳ ಜಂತುನಾಶಕ ದಿನದ ಮಾತ್ರೆ ತಪ್ಪಿತೇ ನೋಡಿ. ನೀರಿನಿಂದ ಬರುವ ಜಿಯಾರ್ಡಿಯಾ ಇರಬಹುದು. ‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುವ ಊರಿನವರೇ ನಾವು, ಆದರೂ ಮಗುವಿಗೆ ಕುದಿಸಿ ಆರಿಸಿದ ನೀರೇ ಆಗಬೇಕು. ಇನ್ನು ಮಲಬದ್ಧತೆ. ಮನೆಯಲ್ಲಿ ಕರಾವು ಇದ್ದರೆ ಮಗುವಿಗೆ ಲೋಟದ ಮೇಲೆ ಲೋಟ ಹಾಲು ಹೋಗುತ್ತದೆ. ದಿನಕ್ಕೆ ಅರ್ಧ ಲೀಟರ್ ಮೀರಿದರೆ ಊಟ ಸೇರುವುದಿಲ್ಲ, ಮಲ ಗಟ್ಟಿಯಾಗುತ್ತದೆ, ಕಬ್ಬಿಣದ ಅಂಶವೂ ಕುಗ್ಗುತ್ತದೆ. ಅಲ್ಲಿ ಹಾಲು ಬಿಡಿಸಬೇಕಿಲ್ಲ, ಅಳತೆಗೆ ತಂದರೆ ಸಾಕು.

ಪರೀಕ್ಷೆಗೆ ಮೊದಲು ಗೋಧಿ ನಿಲ್ಲಿಸಬೇಡಿ

ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಕರುಳನ್ನು ಹಾಳುಮಾಡುವ ಕಾಯಿಲೆ ಸೀಲಿಯಾಕ್. ನಮ್ಮಲ್ಲಿ ಇದು ಕಡಿಮೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ರಕ್ತದಲ್ಲಿ ಇದರ ಸುಳಿವು ಕಂಡ ವಯಸ್ಕರ ಪ್ರಮಾಣ ಹರಿಯಾಣದ ಕಡೆ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ವೆಲ್ಲೂರಿನ ಕಡೆ ಸಾವಿರಕ್ಕೆ ಒಬ್ಬರು. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಅನುಮಾನವಿದ್ದರೆ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ, ಅಗತ್ಯ ಕಂಡರೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಅದಕ್ಕೆ ಇಲ್ಲಿನ ವೈದ್ಯರು ಮಣಿಪಾಲಕ್ಕೋ ಬೆಂಗಳೂರಿಗೋ ಬರೆದುಕೊಡಬಹುದು. ಮಗು ಗೋಧಿ ತಿನ್ನುತ್ತಿರುವಾಗಲೇ ಈ ಪರೀಕ್ಷೆಗಳು ಆಗಬೇಕು. ಮೊದಲೇ ಬಿಡಿಸಿಬಿಟ್ಟರೆ ರಕ್ತದಲ್ಲಿ ಸುಳಿವು ಅಳಿಸಿಹೋಗಿ, ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು.

ಒಂದೇ ಸಲ ನಾಲ್ಕೈದು ಆಹಾರ ಬಿಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಕಾಯಿಲೆಯ ಚರಿತ್ರೆಯಲ್ಲೇ ಉದಾಹರಣೆಯಿದೆ. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು. ಬ್ರೆಡ್ಡು, ಆಲೂಗಡ್ಡೆ, ಧಾನ್ಯ ಎಲ್ಲ ಬಂದ್. ಮಕ್ಕಳು ಚೇತರಿಸಿಕೊಂಡರು, ಕೀರ್ತಿ ಬಾಳೆಹಣ್ಣಿಗೆ ಹೋಯಿತು. ನೆದರ್‌ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಗುಮಾನಿ ಇತ್ತು. 1944–45ರ ಚಳಿಗಾಲದಲ್ಲಿ ಯುದ್ಧದ ಬರ ಬಿದ್ದು ಬ್ರೆಡ್ಡೇ ಸಿಗದಾದಾಗ ಈ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಮರಳಿದಾಗ ಮತ್ತೆ ಮಲಗಿದರು. ಬಾಳೆಹಣ್ಣಿನ ಪವಾಡ ಅಸಲಿಗೆ ಗೋಧಿಯಿಲ್ಲದ್ದರ ಪವಾಡವಾಗಿತ್ತು. ಆದರೂ ಹಾಸ್ ಅವರ ಪಥ್ಯದಿಂದ ಹುಟ್ಟಿದ, ಅಕ್ಕಿಯನ್ನೂ ಬಿಡಿಸುವ ಪಥ್ಯಗಳು ಇವತ್ತಿಗೂ ಅಂತರ್ಜಾಲದಲ್ಲಿ ಓಡಾಡುತ್ತಿವೆ. ಮಲೆನಾಡಿನ ಮಗುವಿನಿಂದ ಅನ್ನ ಕಸಿದುಕೊಳ್ಳುವ ಪಥ್ಯವನ್ನು ವಿಡಿಯೊ ನೋಡಿ ಶುರುಮಾಡುವುದು ದುಸ್ಸಾಹಸ.

ಒಂದು ವಾರ ಬರೀ ಬರೆಯಿರಿ

ಯಾವುದನ್ನೂ ಬಿಡಿಸದೆ, ಎಂದಿನ ಊಟವನ್ನೇ ಕೊಡುತ್ತ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಏನು ತಿಂದಿತು, ಎಷ್ಟು ಸಲ ಹೊರಗೆ ಹೋಯಿತು, ನೀರಾಗಿಯೋ ಗಟ್ಟಿಯಾಗಿಯೋ, ನೋವು, ವಾಂತಿ, ನಿದ್ದೆ. ಗ್ರೈಪ್ ವಾಟರ್, ತೇದು ನೆಕ್ಕಿಸುವ ಬಜೆ-ಜಾಯಿಕಾಯಿ, ಅಂಗಡಿಯವರು ಕೈಗಿತ್ತ ಚಾಕಲೇಟು ಎಲ್ಲವೂ ಅದರಲ್ಲಿರಲಿ. ಬಹಳ ಮನೆಗಳಲ್ಲಿ ಈ ವಾರವೇ ಉತ್ತರ ಕೊಡುತ್ತದೆ: ಊಟಕ್ಕಿಂತ ಜ್ಯೂಸು, ಬಿಸ್ಕತ್ತೇ ಹೆಚ್ಚಾಗಿತ್ತು ಎಂದು. ತೂಕವನ್ನು ಒಂದೇ ತಕ್ಕಡಿಯಲ್ಲಿ ನೋಡಿ. ಇವತ್ತು ಅಂಗನವಾಡಿಯದು, ನಾಳೆ ಕ್ಲಿನಿಕ್ಕಿನದು ಎಂದಾದರೆ ಹೋಲಿಕೆ ಕೆಡುತ್ತದೆ.

ಹಾಲು ಬಿಡಿಸುವುದಾದರೆ

ಭೇದಿಯ ನಂತರ ಕೆಲವು ಮಕ್ಕಳಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕೆಲಕಾಲ ಅರಗುವುದಿಲ್ಲ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಷ್ಟರವರೆಗೆ ಮೊಸರು, ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುತ್ತವೆ. ಹಾಲಿನ ಪ್ರೊಟೀನಿನ ಅಲರ್ಜಿ ಬೇರೆಯೇ. ಅದರಲ್ಲಿ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲವನ್ನೂ ನಿಲ್ಲಿಸಬೇಕು. ನಂದಿನಿ ಪ್ಯಾಕೆಟ್ ಬದಲು ಕೊಟ್ಟಿಗೆಯ ಹಾಲು, ನಾಟಿ ಹಸುವಿನ ಹಾಲು, ಎಮ್ಮೆ ಹಾಲು, ಆಡಿನ ಹಾಲು ಕೊಟ್ಟು ಪ್ರಯೋಜನವಿಲ್ಲ. ಪ್ರೊಟೀನುಗಳು ಒಂದನ್ನೊಂದು ಹೋಲುತ್ತವೆ. ಲೇಬಲ್ಲಿನಲ್ಲಿ ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಎಂದಿದ್ದರೆ ಅದೂ ಹಾಲೇ. ಪ್ರಯೋಗದ ಅವಧಿ ಎರಡರಿಂದ ನಾಲ್ಕು ವಾರ.

ಬದಲಿಗೆ ಏನು? ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ಐಸಿಎಂಆರ್ ಲೆಕ್ಕ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಆದರೆ ಒಂದು ಬಟ್ಟಲು ರಾಗಿ ಸರಿಗೆ ಬೀಳುವುದು 30 ಗ್ರಾಂ ಹಿಟ್ಟು, ಅಂದರೆ ನೂರು ಮಿಲಿಗ್ರಾಂ ಚಿಲ್ಲರೆ. ಎಳ್ಳುಪುಡಿ, ನುಗ್ಗೆಸೊಪ್ಪು ಸೇರಿಸಿದರೂ ಲೆಕ್ಕ ತುಂಬುವುದು ಕಷ್ಟ. ಕ್ಯಾಲ್ಸಿಯಂ ಸಿರಪ್ ಬೇಕೇ ಎಂದು ವೈದ್ಯರನ್ನು ಕೇಳಿ. ಪ್ರೊಟೀನಿಗೆ ಹೆಸರುಬೇಳೆ, ಮೊಟ್ಟೆ, ತಿನ್ನುವವರಾದರೆ ಮೀನು. ತುಪ್ಪ ತಪ್ಪಿದ್ದಕ್ಕೆ ಅನ್ನಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆಯೋ ಶೇಂಗಾ ಎಣ್ಣೆಯೋ ಹಾಕಿ. ತೆಂಗಿನ ಹಾಲು, ಬಾದಾಮಿ ಹಾಲು ಹೆಸರಿಗಷ್ಟೇ ಹಾಲು.

ಗೋಧಿಯಿಲ್ಲದ ಅಡುಗೆಮನೆ

ಸೀಲಿಯಾಕ್ ಎಂದು ಖಚಿತವಾದರೆ ಗೋಧಿ ಜೀವನಪರ್ಯಂತ ಇಲ್ಲ, ಒಂದು ಚೂರೂ ಇಲ್ಲ. ಈ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ಅಕ್ಕಿ ರೊಟ್ಟಿ, ಕಡುಬು, ನೀರುದೋಸೆ, ಅಕ್ಕಿಯ ಒತ್ತುಶಾವಿಗೆ, ರಾಗಿ ಅಂಬಲಿ, ಅವಲಕ್ಕಿ, ಮಂಡಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಬರೀ ಅಕ್ಕಿಗೇ ಜೋತುಬಿದ್ದರೆ ಮಲಬದ್ಧತೆ ಬಂದೀತು; ರಾಗಿ, ಜೋಳ, ಕಾಳು, ಸೊಪ್ಪು ಸರದಿಯಲ್ಲಿ ಬರಲಿ. ಚಿರೋಟಿ ರವೆ, ಬನ್ಸಿ ರವೆ, ಮೈದಾ, ಗೋಧಿ ನುಚ್ಚು, ಪ್ಯಾಕೆಟ್ ಶಾವಿಗೆ ಎಲ್ಲವೂ ಗೋಧಿಯೇ. ಹಾರ್ಲಿಕ್ಸ್‌ನಂಥ ಪುಡಿಗಳಲ್ಲಿ ಗೋಧಿ, ಬಾರ್ಲಿ ಎರಡೂ ಇರುತ್ತವೆ.

ಮೋಸ ಆಗುವುದು ಕಣ್ಣಿಗೆ ಕಾಣದ ಕಡೆ. ಡಬ್ಬಿಯ ಇಂಗಿನಲ್ಲಿ ಬಹಳಷ್ಟು ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಸಾರಿಗೆ ಚಿಟಿಕೆ ಹಾಕಿದರೂ ಪಥ್ಯ ಮುರಿಯಿತು. ಹಿಟ್ಟಿನ ಗಿರಣಿಯಲ್ಲಿ ನಿಮಗಿಂತ ಮುಂಚೆ ಗೋಧಿ ಬೀಸಿದ್ದರೆ ನಿಮ್ಮ ಅಕ್ಕಿಹಿಟ್ಟಿಗೆ ಅದು ಸೇರಿತು. ಬೆಳಿಗ್ಗೆ ಮೊದಲು ಹೋದರೂ ನಿನ್ನೆಯ ಹಿಟ್ಟು ಒಳಗಿರುತ್ತದೆ. ಮಗುವಿಗೆ ಬೇಕಾದಷ್ಟನ್ನು ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಲಟ್ಟಣಿಗೆ, ಮಣೆ, ಜರಡಿ ಬೇರೆ ಇರಲಿ. ಹೋಟೆಲಿನಲ್ಲಿ ರವೆ ದೋಸೆ ಹುಯ್ದ ಕಾವಲಿಯ ಮೇಲೇ ಮಸಾಲೆ ದೋಸೆಯೂ ಬರುತ್ತದೆ. ಕೊಳ್ಳುವುದಾದರೆ ಗ್ಲುಟೆನ್ ಫ್ರೀ ಎಂದು ಮುದ್ರಿಸಿದ್ದನ್ನೇ ಕೊಳ್ಳಿ. ಆ ಮಾತು ಹಾಕಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬುದು ಎಫ್‌ಎಸ್‌ಎಸ್‌ಎಐ ನಿಯಮ.

ಅಜ್ಜಿ, ಅಂಗನವಾಡಿ, ವಠಾರ

ಪಥ್ಯ ಮುರಿಯುವುದು ಪ್ರೀತಿಯಿಂದ. ಸತ್ಯನಾರಾಯಣ ಪೂಜೆಯ ರವೆ ಪ್ರಸಾದವನ್ನು ‘ದೇವರದು ತಾನೆ, ಚೂರು’ ಎಂದು ಅಜ್ಜಿ ಬಾಯಿಗಿಟ್ಟರೆ ಸಿಟ್ಟಾಗಿ ಫಲವಿಲ್ಲ. ವೈದ್ಯರ ಭೇಟಿಗೆ ಅಜ್ಜಿಯನ್ನೂ ಕರೆದೊಯ್ಯಿರಿ. ಸೊಸೆ ಹೇಳಿದ್ದಕ್ಕಿಂತ ಡಾಕ್ಟರ್ ಹೇಳಿದ್ದು ಬೇಗ ನಾಟುತ್ತದೆ. ಪ್ರಸಾದಕ್ಕೆ ಬಾಳೆಹಣ್ಣು, ಅವಲಕ್ಕಿ ಆಗುತ್ತದೆ. 2013ರಿಂದ ಕ್ಷೀರಭಾಗ್ಯದ ಹಾಲು ಅಂಗನವಾಡಿಗೆ ಬರುತ್ತದೆ. ಹಾಲಿನ ಪಥ್ಯವಿದ್ದರೆ ಟೀಚರಿಗೆ ಚೀಟಿಯಲ್ಲಿ ಬರೆದುಕೊಡಿ, ಬಾಯಿಮಾತು ಸಾಲದು. ಅಲ್ಲಿಂದ ಬರುವ ಆಹಾರದ ಪ್ಯಾಕೆಟ್ಟುಗಳ ಮೇಲಿನ ಪಟ್ಟಿಯನ್ನೂ ಓದಿ. ಭದ್ರಾವತಿಯ ನ್ಯೂಟೌನ್, ಕಾಗದನಗರದಂಥ ಕಡೆ ಮಗು ನಾಲ್ಕು ಮನೆಗಳಲ್ಲಿ ನಾಲ್ಕು ಭಾಷೆಯ ತಿಂಡಿ ತಿಂದು ಬರುತ್ತದೆ. ಅಕ್ಕಪಕ್ಕದವರಿಗೂ ಹೇಳಿಡಿ.

ಮರಳಿ ಕೊಡುವ ದಿನ

ಪಥ್ಯ ಶುರುವಾದ ದಿನವೇ ಅದು ಮುಗಿಯುವ ತಾರೀಕನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಸೀಲಿಯಾಕ್ ಇದಕ್ಕೆ ಹೊರತು. ಹಾಲು ಬಿಟ್ಟು ನಾಲ್ಕು ವಾರವಾದರೂ ಏನೂ ಬದಲಾಗದಿದ್ದರೆ ತಪ್ಪು ಹಾಲಿನದಲ್ಲ. ಮತ್ತೆ ಕೊಡಿ, ಬೇರೆ ಕಾರಣ ಹುಡುಕಿ. ಗುಣ ಕಂಡಿದ್ದರೂ ಒಮ್ಮೆ ಮರಳಿ ಕೊಟ್ಟು ನೋಡಬೇಕು. ತೊಂದರೆ ಮತ್ತೆ ಬಂದರಷ್ಟೇ ಅಲರ್ಜಿ ಖಚಿತ. ಹಾಗಾದರೂ ಆರೇಳು ತಿಂಗಳ ನಂತರ ಪುನಃ ಯತ್ನಿಸಲು ವೈದ್ಯರು ಹೇಳುತ್ತಾರೆ, ಹೆಚ್ಚಿನ ಮಕ್ಕಳಲ್ಲಿ ಶಾಲೆಗೆ ಹೋಗುವ ವಯಸ್ಸಿಗೆ ಇದು ಹೋಗಿಬಿಡುತ್ತದೆ. ಹಿಂದೆ ಹಾಲು ಕುಡಿದಾಗ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಆಗಿದ್ದ ಮಗುವಿಗೆ ಈ ಪರೀಕ್ಷೆ ಆಸ್ಪತ್ರೆಯಲ್ಲೇ ಆಗಬೇಕು. ಪಥ್ಯದ ನಡುವೆ ತೂಕ ಇಳಿಯತೊಡಗಿದರೆ ತಾರೀಕಿಗೆ ಕಾಯದೆ ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ.

ಉಳಿದವರು ಮನೆಯಲ್ಲೇ ಬೆಳಿಗ್ಗೆ ಒಂದೆರಡು ಚಮಚದಿಂದ ಶುರುಮಾಡಿ, ಕೆಲವು ದಿನಗಳಲ್ಲಿ ಲೋಟಕ್ಕೆ ಏರಿಸಬಹುದು. ರಾತ್ರಿ ಬೇಡ, ಭಾನುವಾರವೂ ಬೇಡ. ಡಾಕ್ಟರು ಸಿಗುವ ದಿನ ನೋಡಿಕೊಳ್ಳಿ. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆಯ ವಾರವಂತೂ ಬೇಡವೇ ಬೇಡ. ಆ ವಾರ ಮಗುವಿನ ಬಾಯಿಗೆ ಯಾರು ಏನು ಹಾಕಿದರು ಎಂದು ಬರೆದಿಡಲು ಯಾರಿಗೂ ಆಗದು.