ರೌಟರಿನ ಸ್ಮೃತಿದೋಷ ಮತ್ತು ಅದರ ಪರೀಕ್ಷಾಕ್ರಮ

ತಾಳೆಗರಿಯ ಪ್ರತಿಗಳನ್ನು ಪರಿಷ್ಕರಿಸಿದವರಿಗೆ ಒಂದು ಉಪಾಯ ತಿಳಿದೇ ಇದೆ. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ 12, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ 20 ಮಾತ್ರೆಗಳಿರತಕ್ಕದ್ದು. ಲಿಪಿಕಾರನು ಗುರುವನ್ನು ಲಘುವಾಗಿ ಬರೆದರೆ ಒಂದು ಮಾತ್ರೆ ಕೊರತೆಯಾಗುತ್ತದೆ. ತಪ್ಪು ನುಸುಳಿದೆಯೆಂದು ಗೊತ್ತಾಗುವುದು. ಯಾವ ಅಕ್ಷರದಲ್ಲೆಂದು ಗೊತ್ತಾಗದು. ಕಳೆದ ಬೇಸಗೆಯಲ್ಲಿ ನಮ್ಮ ಶಾಲೆಯ ಗಣಕಯಂತ್ರ ಕೊಠಡಿಯ ರೌಟರು ತಾನಾಗಿಯೇ ನಿಂತು ಮತ್ತೆ ಆರಂಭವಾಗತೊಡಗಿತು. ಅದರ ದಾಖಲೆಯಲ್ಲಿ ಕಂಡ ‘ಪ್ಯಾರಿಟಿ ದೋಷ’ವೆಂಬ ಮಾತನ್ನು ಹಳೆಯ ವಿದ್ಯಾರ್ಥಿಯೊಬ್ಬರು ವಿವರಿಸಿದಾಗ ನನಗೆ ಛಂದಸ್ಸಿನ ಪಾಠವನ್ನೇ ಕೇಳಿದಂತಾಯಿತು.

ಯಂತ್ರದ ಸ್ಮೃತಿಯಲ್ಲಿ, ಎಂದರೆ ಮೆಮರಿಯಲ್ಲಿ, ಇರುವುದೆಲ್ಲ 0 ಮತ್ತು 1 ಎಂಬ ಎರಡೇ ಅಂಕಗಳು. ಇವೇ ಬಿಟ್‌ಗಳು. ಎಂಟು ಬಿಟ್‌ಗಳಿಗೆ ಒಂಬತ್ತನೆಯದೊಂದನ್ನು ಸೇರಿಸಿ, 1ರ ಒಟ್ಟು ಸಂಖ್ಯೆ ಸದಾ ಸಮವಾಗಿರುವಂತೆ ಮಾಡುವುದುಂಟು. ಓದುವಾಗ ಬೆಸಸಂಖ್ಯೆ ಬಂದರೆ ದೋಷ ಸಿದ್ಧ. ಎರಡು ಬಿಟ್‌ಗಳು ಒಮ್ಮೆಗೇ ಕೆಟ್ಟರೆ ಮಾತ್ರ ಲೆಕ್ಕ ಸರಿಹೋಗಿ ದೋಷ ಮರೆಯಾಗುತ್ತದೆ. ಒಂದೇ ಪಾದದಲ್ಲಿ ಒಂದು ಮಾತ್ರೆ ಹೆಚ್ಚಿ ಇನ್ನೊಂದು ಕುಗ್ಗಿದಂತೆ! 1950ರಲ್ಲಿ ಅಮೆರಿಕದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು, ಕೆಟ್ಟ ಬಿಟ್ ಯಾವುದೆಂದು ತೋರಿಸಿ ತಿದ್ದಿಕೊಡುವ ಸಂಕೇತವಿಧಾನವನ್ನು ಪ್ರಕಟಿಸಿದರು. ಅಳಿಸಿಹೋದ ಪ್ರಾಸಾಕ್ಷರವನ್ನು ಉಳಿದ ಪಾದಗಳ ನೆರವಿನಿಂದ ತುಂಬುವ ನಮ್ಮ ಕ್ರಮಕ್ಕೆ ಇದು ಸಮೀಪವಾದುದು.

ದೋಷದಲ್ಲಿ ಆಗಂತುಕ, ಸ್ಥಿರ ಎಂದು ಎರಡು ಬಗೆ. ಬಾಹ್ಯಾಕಾಶದ ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗ ಹುಟ್ಟುವ ನ್ಯೂಟ್ರಾನ್ ಕಣಗಳು ಒಮ್ಮೊಮ್ಮೆ ಒಂದು ಬಿಟ್ಟನ್ನು ತಿರುಗಿಸಿಬಿಡುತ್ತವೆ. ಯಂತ್ರವೇನೂ ಕೆಟ್ಟಿರುವುದಿಲ್ಲ. ಈ ಕಿರಣಗಳಿಂದಾಗುವ ಗೊಂದಲವನ್ನು ತಪ್ಪಿಸಿಕೊಳ್ಳಲೆಂದೇ ನಮ್ಮ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಗುರುತಿಸಿದರು. ರೌಟರನ್ನು ಗಣಿಗಿಳಿಸಲಾಗದಷ್ಟೆ. ಆದುದರಿಂದ ದೋಷವು ಒಮ್ಮೆ ಮಾತ್ರ ಕಂಡರೆ ದಿನಾಂಕ, ವೇಳೆ, ಸ್ಮೃತಿಸ್ಥಾನದ ಸಂಖ್ಯೆ ಇವನ್ನು ಬರೆದಿಟ್ಟು ಕಾಯಬೇಕು. ಅದೇ ಸ್ಥಾನದಲ್ಲಿ ಮರುಕಳಿಸಿದರೆ ದೋಷ ಸ್ಥಿರವೆಂದು ಶಂಕಿಸಬೇಕು.

ನಮ್ಮಲ್ಲಿ ಒಂದು ವಾರದಲ್ಲಿ ಮೂರು ಬಾರಿ ಹಾಗಾಯಿತು. ವಿದ್ಯುತ್ ಸಂಪರ್ಕ ಕಳಚಿ ಮುಚ್ಚಳ ತೆರೆದರೆ ಒಳಗೆಲ್ಲ ಚಳ್ಳಕೆರೆಯ ಧೂಳು. ಇಲ್ಲಿನ ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಬೇಗ ಶೇಖರವಾಗುತ್ತದೆ. ಅದು ಸ್ಮೃತಿಫಲಕಕ್ಕೆ ಮಾರಕ. ಗಾಜಿನ ಕಡ್ಡಿಯನ್ನು ರೇಷ್ಮೆಯಿಂದ ಉಜ್ಜುವ ಪ್ರಯೋಗವನ್ನು ಮೊಳಕಾಲ್ಮುರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡೇ ಫಲಕಗಳನ್ನು ಮುಟ್ಟತಕ್ಕದ್ದು. ಎರಡು ಫಲಕಗಳನ್ನೂ ತೆಗೆದು, ಸಂಪರ್ಕದ ಅಂಚುಗಳನ್ನು ಶುಚಿಗೊಳಿಸಿ, ಬಿಗಿಯಾಗಿ ಕೂರಿಸಿದೆವು. ಸಡಿಲ ಸಂಪರ್ಕವೇ ಕಾರಣವಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಮುಗಿಯಲಿಲ್ಲ.

ಅನಂತರದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಎರಡು ಫಲಕಗಳನ್ನು ಅದಲುಬದಲು ಮಾಡಬೇಕು. ದೋಷವು ಫಲಕದೊಡನೆ ಹೊಸ ಜಾಗಕ್ಕೆ ಹೋದರೆ ಫಲಕವೇ ಕೆಟ್ಟಿದೆ. ಹಳೆಯ ಜಾಗದಲ್ಲೇ ಉಳಿದರೆ ಕೆಟ್ಟಿರುವುದು ಆ ಜಾಗ, ಅಥವಾ ಮೂಲಫಲಕ. ನಮ್ಮಲ್ಲಿ ದೋಷವು ಫಲಕವನ್ನು ಹಿಂಬಾಲಿಸಿತು. ಅದೇ ಬಗೆಯ ಬೇರೊಂದನ್ನು ತಂದು ಹಾಕಲಾಯಿತು. ದಾನಿಗಳ ಹಣದಿಂದ ಹೊಸ ರೌಟರನ್ನೇ ಕೊಳ್ಳಲು ಸಿದ್ಧವಾಗಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆದೆವು. ಕೆಟ್ಟ ಫಲಕವು ಈಗ ವಿಜ್ಞಾನದ ಅಧ್ಯಾಪಕರ ಬೀರುವಿನಲ್ಲಿದೆ.