ಕೊಕಾನ್ಯದ ತೋಟಗಳು

ಐರೋಪ್ಯರ ಹಳೆಯ ಕಥೆಗಳಲ್ಲಿ ಕೊಕಾನ್ಯವೆಂಬ ಕಲ್ಪಿತ ದೇಶವೊಂದರ ವರ್ಣನೆಯುಂಟು. ಅಲ್ಲಿ ದುಡಿಯದವರಿಗೂ ಮೃಷ್ಟಾನ್ನ ದೊರೆಯುವುದಂತೆ. ಅಂಥ ದೇಶದ ಹೆಸರನ್ನಿಟ್ಟುಕೊಂಡು ದುಡಿಮೆಯನ್ನು ಕಲಿಸುವ ತೋಟಗಳು ಫ್ರಾನ್ಸಿನಲ್ಲಿವೆಯೆಂಬುದು ಸೋಜಿಗದ ಸಂಗತಿ. ಇವುಗಳಲ್ಲಿ ಮೊದಲನೆಯದು 1991ರಲ್ಲಿ ಬೆಜಾನ್ಸೋ ನಗರದ ಸಮೀಪದ ಶಲೆಜೂಲ್ ಗ್ರಾಮದಲ್ಲಿ ಜಾಂ-ಗಿ ಹೆಂಕೆಲ್ ಎಂಬವರ ಪ್ರಯತ್ನದಿಂದ ಹುಟ್ಟಿತು. 1999ರಲ್ಲಿ ಈ ತೋಟಗಳ ಒಕ್ಕೂಟವೂ ಏರ್ಪಟ್ಟಿತು.

ಬಹುಕಾಲ ಉದ್ಯೋಗವಿಲ್ಲದೆ ಕೊರಗಿದವರು, ನೆಲೆ ತಪ್ಪಿದವರು ಇಲ್ಲಿ ಸೇರುತ್ತಾರೆ. ಅವರಿಗೆ ದೊರೆಯುವುದು ಭಿಕ್ಷೆಯಲ್ಲ, ಕರಾರಿನ ಮೇರೆಗೆ ವೇತನ. ಈ ಕರಾರು ಸಾಮಾನ್ಯವಾಗಿ ಎರಡು ವರ್ಷಗಳನ್ನು ಮೀರದು. ಬೆಳೆದ ಕಾಯಿಪಲ್ಯವನ್ನು ಸದಸ್ಯರಾದ ಗೃಹಸ್ಥರು ವಾರಕ್ಕೊಂದು ಬುಟ್ಟಿಯಂತೆ ಕೊಳ್ಳುತ್ತಾರೆ. ವೆಚ್ಚದ ಒಂದಂಶವನ್ನು ಸರ್ಕಾರ ಭರಿಸುತ್ತದೆ.

ಇಲ್ಲಿ ವಿಚಾರಿಸತಕ್ಕ ತತ್ತ್ವವೊಂದುಂಟು. ಬುಟ್ಟಿಯಲ್ಲಿ ನಾನಾ ಬಗೆಯ ಕಾಯಿಪಲ್ಯವಿರಬೇಕಾದರೆ ತೋಟದಲ್ಲಿ ಒಂದೇ ಬೆಳೆ ಸಾಲದು. ಬೆಳೆಗಳು ಹಲವಾದಲ್ಲಿ, ವಿಷದ ಸಿಂಪರಣೆಯೂ ಇಲ್ಲದಲ್ಲಿ, ಜೇನು, ಚಿಟ್ಟೆ, ಎರೆಹುಳು ಮೊದಲಾದ ಜೀವಿಗಳಿಗೂ ಆಶ್ರಯ ದೊರೆಯುತ್ತದೆ. ಬೆಳೆಗಳು ಹಲವಾದಂತೆ ಕೆಲಸಗಳೂ ಹಲವಾಗುತ್ತವೆ: ಬಿತ್ತುವುದು, ನಾಟುವುದು, ಕೊಯ್ಯುವುದು, ತೊಳೆಯುವುದು, ತೂಗುವುದು, ಲೆಕ್ಕವಿಡುವುದು. ಬೆನ್ನು ಬಾಗಿಸಲಾರದವನು ತಕ್ಕಡಿಯ ಮುಂದೆ ನಿಲ್ಲಬಲ್ಲನು. ರಾಸಾಯನಿಕ ಕಳೆನಾಶಕವು ಇಲ್ಲಿ ವರ್ಜ್ಯ. ಆದಕಾರಣ ಕಳೆ ಕೀಳಲು ಕೈಗಳು ಬೇಕು. ಲಾಭವನ್ನೇ ನೋಡುವ ಹೊಲದಲ್ಲಿ ಹೆಚ್ಚಿನ ಕೈಗಳು ನಷ್ಟವೆನಿಸುತ್ತವೆ; ಇಲ್ಲಿ ಆ ಕೈಗಳಿಗಾಗಿಯೇ ತೋಟವಿದೆ.

ಎರಡು ವರ್ಷಗಳ ತರುವಾಯ ಅವರೆಲ್ಲರೂ ತೋಟಗಾರರೇ ಆಗಬೇಕೆ? ಆಗದಿದ್ದಲ್ಲಿ ಶ್ರಮ ವ್ಯರ್ಥವಲ್ಲವೆ? ಎಂದು ಶಂಕೆ ಹುಟ್ಟಬಹುದು. ಅದಕ್ಕೆ ಸಮಾಧಾನವಿದು: ಅಲ್ಲಿ ಕಲಿಯುವುದು ಕೃಷಿಯೊಂದನ್ನೇ ಅಲ್ಲ. ಹೊತ್ತಿಗೆ ಸರಿಯಾಗಿ ಬರುವುದು, ಜೊತೆಯವರೊಡನೆ ಹೊಂದಿ ನಡೆಯುವುದು, ಕೈಗೊಂಡುದನ್ನು ಮುಗಿಸುವುದು, ಇವು ಎಲ್ಲ ಉದ್ಯೋಗಕ್ಕೂ ಮೂಲ. ವಸತಿ, ಆರೋಗ್ಯ, ಸಾಲ ಇವುಗಳ ತೊಡಕನ್ನು ಬಿಡಿಸಲು ಮಾರ್ಗದರ್ಶಕರೂ ಇರುತ್ತಾರೆ. ಆದರೂ ಎಲ್ಲರಿಗೂ ಮುಂದೆ ಕೆಲಸ ದೊರೆತೇ ದೊರೆಯುವುದೆಂದು ಹೇಳಲಾಗದು. ನಾಟಿದ ಸಸಿಗಳೆಲ್ಲ ಫಲಿಸವೆಂದು ಯಾವ ಒಕ್ಕಲಿಗನೂ ನೆಲವನ್ನು ಬೀಳುಬಿಡನಷ್ಟೆ.

ಕಾಯಕ ದಾಸೋಹಗಳ ಅರ್ಥವನ್ನು ಬಲ್ಲ ಭಕ್ತರಿಗೆ ಇದರ ಮರ್ಮ ಸುಲಭವಾಗಿ ತಿಳಿಯುವುದು. ಬುಟ್ಟಿಯನ್ನು ಕೊಳ್ಳುವ ಗೃಹಸ್ಥನು ದಾನಿಯೆಂದು ಬೀಗುವಂತಿಲ್ಲ; ತನ್ನ ಮನೆಯ ಊಟಕ್ಕೆ ಅವನೂ ಆ ಕೈಗಳಿಗೆ ಋಣಿ. ಹಸಿದವನಿಗೆ ಅನ್ನವಿಕ್ಕುವುದು ಕರ್ತವ್ಯವೇ ಸರಿ. ಉಣ್ಣುವ ಕೈಯು ಉಣಿಸುವ ಕೈಯೂ ಆಗುವಂತೆ ಮಾಡುವುದು ಅದಕ್ಕಿಂತಲೂ ಹಿರಿದು.