ಹತ್ತನೆಯವರಿಗಾಗಿ ಕಾಯುವ ಸಿನಗಾಗ್

ಯಹೂದಿ ಹಬ್ಬಗಳ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹದಿಹರೆಯದ ಮಕ್ಕಳನ್ನು ಕುರಿತೇ ಇದ್ದವು. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮೈಸೂರಿನವಳು. ನಮ್ಮ ಯಜಮಾನರು ಯಹೂದಿ. ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗನಿಗೆ ಈಗ 16. ಮೂರು ವರ್ಷದ ಹಿಂದೆ ನಮ್ಮ ರಿಫಾರ್ಮ್ (ಸುಧಾರಣಾವಾದಿ) ಪಂಥದ ಸಿನಗಾಗ್‌ನಲ್ಲಿ ಅವನ ಬಾರ್ ಮಿಟ್ಸ್‌ವಾ, ಹದಿಮೂರು ತುಂಬಿದಾಗಿನ ಸಮಾರಂಭ, ಚೆನ್ನಾಗಿಯೇ ಆಯಿತು. ಆಮೇಲೆ ಅವನು ಆ ಕಡೆ ತಲೆ ಹಾಕಿಲ್ಲ. ಕರೆದರೆ ‘ಅಲ್ಲಿ ನನಗೇನು ಕೆಲಸ?’ ಅಂತಾನೆ. ಶಾಲೆಯ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಾನೆ, ಮಕ್ಕಳೆಂದರೆ ಇಷ್ಟ, ಸೋಮಾರಿಯಂತೂ ಅಲ್ಲ. ಶುಕ್ರವಾರ ಸಂಜೆಯ ಪ್ರಾರ್ಥನೆ ಬಂತೆಂದರೆ ಅಪ್ಪ ಮಗನಿಗೆ ಜಗಳ. ನಾನು ಮತ ಬದಲಿಸಿದವಳಲ್ಲ. ಈ ವಿಷಯದಲ್ಲಿ ಬಾಯಿ ಹಾಕಬಹುದೋ ಬೇಡವೋ ತಿಳಿಯದು.
– ಒಬ್ಬ ತಾಯಿ, ಕ್ಯಾಲಿಫೋರ್ನಿಯಾ

ಉತ್ತರ: ‘ನನಗೇನು ಕೆಲಸ’ ಎಂದು ಹುಡುಗ ಕೇಳುತ್ತಿದ್ದಾನೆ, ಅಪ್ಪ ‘ಬಾ’ ಎಂದಷ್ಟೇ ಹೇಳುತ್ತಿದ್ದಾರೆ. ಕೇಳಿದ್ದಕ್ಕೆ ಉತ್ತರ ಸಿಕ್ಕಿಲ್ಲ, ಜಗಳ ಇರುವುದು ಅಲ್ಲೇ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಹದಿಮೂರು ತುಂಬುವವರೆಗೆ ಹೀಬ್ರೂ ಪಾಠ, ಧರ್ಮಗ್ರಂಥ ತೋರಾದ ಭಾಗವನ್ನು ರಾಗದಲ್ಲಿ ಓದುವ ಅಭ್ಯಾಸ, ಭಾಷಣ, ಔತಣ. ಮರುವಾರದಿಂದ ಯಾರೂ ಅವನನ್ನು ಏನೂ ಕೇಳುವುದಿಲ್ಲ. ಅಮೆರಿಕದ ರಬ್ಬಿಗಳು, ಅಂದರೆ ಧರ್ಮಗುರುಗಳು, ಇದರ ಬಗ್ಗೆ ಕೊರಗುತ್ತಾ ಬಂದು ಎಷ್ಟೋ ಕಾಲವಾಯಿತು. ಮಕ್ಕಳನ್ನು ಹಿಡಿದಿಡಲು ಅವರು ಕೈಕಟ್ಟಿ ಕೂತಿಲ್ಲ ಅನ್ನಿ. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಸುಧಾರಕರು ಶುರು ಮಾಡಿದ ‘ಕನ್ಫರ್ಮೇಶನ್’ ಎಂಬ ಆಚರಣೆ ಅಮೆರಿಕದ ರಿಫಾರ್ಮ್ ಸಿನಗಾಗ್‌ಗಳಲ್ಲಿ ಇಂದಿಗೂ ಇದೆ. ಸಾಮಾನ್ಯವಾಗಿ 15–16ರ ವಯಸ್ಸಿನವರು ಶಾವುಒತ್ ಹಬ್ಬದ ಹೊತ್ತಿಗೆ ಅದನ್ನು ಮುಗಿಸುತ್ತಾರೆ. ಅದರ ಜೊತೆಗೆ ಯುವಸಂಘಗಳಿವೆ. ಹುಡುಗರ ಎಝಡ್‌ಎ 1924ರಲ್ಲಿ ನೆಬ್ರಾಸ್ಕದ ಒಮಾಹದಲ್ಲಿ ಹುಟ್ಟಿತು, ಹುಡುಗಿಯರ ಬಿಬಿಜಿ 1944ರಲ್ಲಿ. ರಿಫಾರ್ಮ್ ಪಂಥದ ಎನ್ಎಫ್‌ಟಿವೈ 1939ರದು, ಕನ್ಸರ್ವೇಟಿವ್‌ನವರ ಯುಎಸ್‌ವೈ 1951ರದು, ಆರ್ಥೊಡಾಕ್ಸ್ ಕಡೆಯ ಎನ್‌ಸಿಎಸ್‌ವೈ 1954ರದು. ಶಿಬಿರ, ಪ್ರವಾಸ, ಗೆಳೆತನ ಇವೆಲ್ಲ ಅಲ್ಲಿ ಧಾರಾಳ. ನನಗೊಂದೇ ತಕರಾರು: ಮಕ್ಕಳಿಗೆ ಹಿಂದಿನ ಕೋಣೆಯಲ್ಲಿ ಪಿಜ್ಜಾ ಕೊಟ್ಟು ಕೂರಿಸಿ, ಪ್ರಾರ್ಥನೆಯ ಸಭಾಂಗಣವನ್ನು ದೊಡ್ಡವರೇ ಇಟ್ಟುಕೊಂಡರೆ, ಕಾಲೇಜಿಗೆ ಹೋದ ದಿನ ಆ ನಂಟೂ ಕಳಚುತ್ತದೆ. ಅವನು ಬರದಿದ್ದರೆ ನಿಂತುಹೋಗುವ ಒಂದು ಕೆಲಸ ಅವನ ಕೈಯಲ್ಲಿರಬೇಕು.

ಟ್ರಂಪೆಟ್ ಊದುತ್ತಾನೆ ಎಂದು ಬರೆದಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಹೊಸ ವರ್ಷ ರೋಶ್ ಹಶಾನಾದಂದು ಟಗರಿನ ಕೊಂಬು, ಅಂದರೆ ಶೋಫಾರ್ ಊದಬೇಕು. ಅದಕ್ಕೆ ಲೋಹದ ಬಾಯಿತುದಿ ಇಲ್ಲ, ಒತ್ತುವ ಕೀಲಿ ಇಲ್ಲ. ತುಟಿಗಳನ್ನು ಬಿಗಿಹಿಡಿದು ಅದುರಿಸಿದರೆ ಮಾತ್ರ ನಾದ ಹೊರಡುತ್ತದೆ, ಇಲ್ಲದಿದ್ದರೆ ಬರೀ ಗಾಳಿ. ಒಂದೇ ಉಸಿರಿನ ದೀರ್ಘ ನಾದ, ಮೂರು ತುಂಡಾಗಿ ಮುರಿದ ನಾದ, ಒಂಬತ್ತು ಚಿಕ್ಕ ಮಿಡಿತ – ಹೀಗೆ ಮೂರು ಬಗೆ. ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ರೂಢಿಯ ಲೆಕ್ಕ ನೂರು, ರಿಫಾರ್ಮ್‌ನಲ್ಲಿ ಕಡಿಮೆ. ಅರವತ್ತು ದಾಟಿದ ಹಿರಿಯರೊಬ್ಬರು ಮುಖ ಕೆಂಪಗೆ ಮಾಡಿಕೊಂಡು ಒದ್ದಾಡುವ ಕಡೆ, ಬ್ಯಾಂಡ್‌ನಲ್ಲಿ ಪಳಗಿದ ಹುಡುಗ ಸಲೀಸಾಗಿ ಊದಿಬಿಡುತ್ತಾನೆ. ರೋಶ್ ಹಶಾನಾಕ್ಕೆ ಹಿಂದಿನ ಎಲೂಲ್ ತಿಂಗಳಿನಲ್ಲಿ (ಆಗಸ್ಟ್–ಸೆಪ್ಟೆಂಬರ್ ಸುಮಾರು) ವಾರದ ದಿನಗಳ ಬೆಳಗ್ಗೆ ಶೋಫಾರ್ ಊದುವ ಪದ್ಧತಿ ಇದೆ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆ ರಜೆಯಲ್ಲೇ ಕೊಂಬೊಂದನ್ನು ಅವನ ಕೈಗೆ ಕೊಡಿಸಿ.

ಮಕ್ಕಳೆಂದರೆ ಇಷ್ಟ ಅನ್ನುವುದೂ ಉಪಯೋಗಕ್ಕೆ ಬರುತ್ತದೆ. ಭಾನುವಾರದ ಹೀಬ್ರೂ ಶಾಲೆಗಳಲ್ಲಿ ಹದಿಹರೆಯದವರನ್ನು ಶಿಕ್ಷಕರ ಸಹಾಯಕರನ್ನಾಗಿ ಇಟ್ಟುಕೊಳ್ಳುತ್ತಾರೆ, ‘ಮದ್ರೀಖ್’ ಎಂದು ಕರೆಯುತ್ತಾರೆ. ಕೆಲವೆಡೆ ಚೂರುಪಾರು ಸಂಬಳವೂ ಉಂಟು, ಇನ್ನು ಕೆಲವೆಡೆ ಶಾಲೆ ಕೇಳುವ ಸೇವೆಯ ಗಂಟೆಗಳ ಲೆಕ್ಕಕ್ಕೆ ಸೇರಿಸುತ್ತಾರೆ. ಎಂಟು ವರ್ಷದ ಮಗುವಿನ ಪಕ್ಕ ಕೂತು, ತಾನೇ ಒಂದು ಕಾಲದಲ್ಲಿ ತಡವರಿಸಿದ ಅಕ್ಷರವನ್ನು ಬೆರಳಿಟ್ಟು ತೋರಿಸುವಾಗ ಅವನಿಗೆ ಯಾರೂ ಉಪದೇಶ ಮಾಡಬೇಕಿಲ್ಲ. ಯೋಮ್ ಕಿಪ್ಪೂರ್ ಉಪವಾಸದ ಸಮಯದಲ್ಲಿ ಅನೇಕ ಸಿನಗಾಗ್‌ಗಳು ಹಸಿದವರಿಗಾಗಿ ದಿನಸಿ ಕೂಡಿಸುತ್ತವೆ. ಆ ಚೀಲಗಳನ್ನು ಎತ್ತಿ, ವಿಂಗಡಿಸಿ, ಆಹಾರ ಬ್ಯಾಂಕಿಗೆ ಮುಟ್ಟಿಸಲು ಗಟ್ಟಿ ತೋಳುಗಳು ಬೇಕೇ ಬೇಕು. ಪೂರಿಮ್ ಹಬ್ಬದ ಹಾಸ್ಯ ನಾಟಕವನ್ನಂತೂ ಹುಡುಗರಿಗೇ ಬಿಟ್ಟುಬಿಡುವುದು ಜಾಣತನ. ರಬ್ಬಿಯನ್ನೇ ಅಣಕಿಸುವ ಅವಕಾಶ ವರ್ಷದಲ್ಲಿ ಒಂದೇ ದಿನ ಸಿಗುತ್ತದೆ!

ಕರೆಯುವವರು ಮಾತ್ರ ನೀವಿಬ್ಬರೂ ಆಗಬೇಡಿ. ರಬ್ಬಿಯೋ ಶಾಲೆಯ ಮುಖ್ಯಸ್ಥರೋ ನೇರವಾಗಿ ಅವನಿಗೇ ಫೋನ್ ಮಾಡಲಿ, ಇಂಥ ಕೆಲಸಕ್ಕೆ ನೀನು ಬೇಕು ಎಂದು ಹೇಳಲಿ. ಅವನು ಒಂದು ಕೆಲಸ ಒಪ್ಪಿಕೊಂಡರೆ ಶುಕ್ರವಾರದ ಒತ್ತಾಯ ನಿಲ್ಲಬೇಕು, ಯಜಮಾನರಿಂದ ಈ ಮಾತನ್ನು ಮೊದಲೇ ಪಡೆದುಕೊಳ್ಳಿ.

ನಿಮ್ಮ ಅಧಿಕಾರದ ಮಾತು. ಅಮೆರಿಕದ ರಿಫಾರ್ಮ್ ರಬ್ಬಿಗಳು 1983ರಲ್ಲಿ ಮಾಡಿದ ತೀರ್ಮಾನದಂತೆ, ತಂದೆಯಾಗಲಿ ತಾಯಿಯಾಗಲಿ ಒಬ್ಬರು ಯಹೂದಿಯಾಗಿದ್ದು ಮಗು ಯಹೂದಿಯಾಗಿಯೇ ಬೆಳೆದರೆ ಸಾಕು. ಹಾಗಾಗಿ ನಿಮ್ಮ ಸಿನಗಾಗ್‌ನಲ್ಲಿ ಅವನ ಸ್ಥಾನಕ್ಕೆ ಚ್ಯುತಿಯಿಲ್ಲ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್‌ನವರು ತಾಯಿಯ ಕಡೆಯಿಂದಲೇ ಲೆಕ್ಕ ಹಿಡಿಯುತ್ತಾರೆ, ಹಾಗಾಗಿ ಅಲ್ಲಿ ಅವನನ್ನು ಯಹೂದಿ ಎಂದು ಎಣಿಸುವುದಿಲ್ಲ. ಗೆಳೆಯನ ಜೊತೆ ಅಂಥ ಕಡೆ ಹೋಗಿ, ನಾಲ್ಕು ಜನರ ಎದುರು ಇದು ಗೊತ್ತಾಗುವುದಕ್ಕಿಂತ ಮನೆಯಲ್ಲಿ ನಿಮ್ಮ ಬಾಯಿಂದ ಗೊತ್ತಾಗಲಿ. ಉಳಿದಂತೆ ನೀವು ಹೆತ್ತ ತಾಯಿ, ಬಾಯಿ ಹಾಕಲು ಯಾರ ಅಪ್ಪಣೆ ಬೇಕು?

ಪ್ರಶ್ನೆ: ಬಾರ್ ಮಿಟ್ಸ್‌ವಾ ನಮ್ಮ ಮುಂಜಿಯ ಹಾಗೆಯೇ ಎಂದು ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ಸರಿಯೇ? ಹದಿಮೂರರ ಹುಡುಗನನ್ನು ದೊಡ್ಡವನೆಂದು ಕರೆಯುವುದು ಬರೀ ಶಾಸ್ತ್ರಕ್ಕೋ?
– ಪಿಯು ಉಪನ್ಯಾಸಕರು, ಧಾರವಾಡ

ಉತ್ತರ: ಅರ್ಧ ಸರಿ. ಮುಂಜಿ ಮಾಡಿದರೆ ಮಾತ್ರ ಆಗುತ್ತದೆ. ಬಾರ್ ಮಿಟ್ಸ್‌ವಾ ಯಾವ ಸಮಾರಂಭ ಮಾಡದಿದ್ದರೂ ಆಗುತ್ತದೆ. ಹೀಬ್ರೂ ಪಂಚಾಂಗದಂತೆ ಹದಿಮೂರು ತುಂಬಿತೆಂದರೆ ಧರ್ಮದ ಕಟ್ಟಳೆಗಳು ತಾನಾಗಿಯೇ ಅವನ ಹೆಗಲಿಗೆ ಬರುತ್ತವೆ. ಹುಡುಗಿಯರಿಗೆ ಆರ್ಥೊಡಾಕ್ಸ್ ಲೆಕ್ಕದಲ್ಲಿ ಹನ್ನೆರಡು.

ಶಾಸ್ತ್ರಕ್ಕಷ್ಟೇ ಎನ್ನಲಾಗದ ಕಾರಣ ಮಿನ್ಯಾನ್. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕರು ಬೇಕು, ಆ ಹತ್ತರ ಕೂಟವೇ ಮಿನ್ಯಾನ್. ಒಂಬತ್ತೇ ಜನರಿದ್ದರೆ ತೋರಾ ಸುರುಳಿಯನ್ನು ಹೊರತೆಗೆದು ಓದುವಂತಿಲ್ಲ, ತೀರಿಕೊಂಡವರಿಗಾಗಿ ಮನೆಯವರು ಹೇಳುವ ಕಾದಿಶ್ ಕೂಡ ಹೇಳುವಂತಿಲ್ಲ. ಒಂಬತ್ತು ಜನ ಮಹಾ ಪಂಡಿತರೇ ಆಗಿದ್ದರೂ ಅಷ್ಟೇ. ಆಗ ನಿನ್ನೆ ತಾನೇ ಹದಿಮೂರು ತುಂಬಿದ, ಕಣ್ಣುಜ್ಜಿಕೊಂಡು ಬಂದ ಹುಡುಗನೊಬ್ಬ ಒಳಗೆ ಕಾಲಿಟ್ಟರೆ ಲೆಕ್ಕ ತುಂಬಿತು. ತಂದೆಯನ್ನು ಕಳೆದುಕೊಂಡವರೊಬ್ಬರು ಆ ಬೆಳಗ್ಗೆ ಎದ್ದು ನಿಂತು ಕಾದಿಶ್ ಹೇಳುತ್ತಾರೆ. ಚಿಕ್ಕ ಊರಿನ ಸಿನಗಾಗ್‌ಗಳಲ್ಲಿ ಬೆಳಗಿನ ಹೊತ್ತು ‘ಒಬ್ಬರು ಕಡಿಮೆ ಇದ್ದೇವೆ’ ಎಂದು ಫೋನ್ ಹೋಗುವುದು ಮಾಮೂಲು. ಶಾಲೆಗೆ ಹೋಗುವ ಮುಂಚೆ ಅರ್ಧ–ಮುಕ್ಕಾಲು ಗಂಟೆ ಕೊಡುವ ಹುಡುಗರು ಆ ಊರಿಗೆ ದೊಡ್ಡ ಆಸರೆ. ಆರ್ಥೊಡಾಕ್ಸ್‌ನಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ, ರಿಫಾರ್ಮ್‌ನಲ್ಲಿ ಹೆಣ್ಣು ಗಂಡು ಭೇದವಿಲ್ಲ. ಕನ್ಸರ್ವೇಟಿವ್ ಪಂಥ ಹೆಂಗಸರನ್ನೂ ಎಣಿಸಲು ಅವಕಾಶ ಕೊಟ್ಟದ್ದು 1973ರಲ್ಲಿ.

ಇನ್ನು ತೋರಾ ಓದು. ಸುರುಳಿಯ ಚರ್ಮದ ಮೇಲೆ ಕೈಯಲ್ಲೇ ಬರೆದ ವ್ಯಂಜನಗಳಷ್ಟೇ ಇರುತ್ತವೆ, ಸ್ವರಚಿಹ್ನೆ ಇಲ್ಲ, ರಾಗದ ಗುರುತೂ ಇಲ್ಲ. ಎರಡನ್ನೂ ಬಾಯಿಪಾಠ ಮಾಡಿಕೊಂಡೇ ಬರಬೇಕು. ಬೆರಳು ತಾಗಿಸಬಾರದೆಂದು, ತುದಿಯಲ್ಲಿ ಪುಟ್ಟ ಕೈಯಿರುವ ಬೆಳ್ಳಿಯ ಕಡ್ಡಿಯನ್ನು ಸಾಲಿನ ಮೇಲೆ ಸರಿಸುತ್ತಾ ಓದುತ್ತಾರೆ. ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತವರು, ಅರ್ಥ ಕೆಡುವಂಥ ತಪ್ಪು ಬಂದರೆ ಎಲ್ಲರಿಗೂ ಕೇಳುವ ಹಾಗೆ ತಿದ್ದುತ್ತಾರೆ. ಓದುವವನು ಹಿಂದೆ ಹೋಗಿ ಆ ಪದವನ್ನು ಮತ್ತೆ ಹೇಳಬೇಕು. ತಿದ್ದಿಸಿಕೊಳ್ಳುವುದು ಯಾರಿಗೂ ಅವಮಾನವಲ್ಲ, ಎಪ್ಪತ್ತರವರಿಗೂ ಆಗುತ್ತದೆ. ವರ್ಷದ ಓದು 54 ಭಾಗ, ಓದಬಲ್ಲವರು ಎಷ್ಟಿದ್ದರೂ ಸಾಲದು. ಬಾರ್ ಮಿಟ್ಸ್‌ವಾದ ಒಂದು ಭಾಗ ಕಲಿತವನು ವರ್ಷಕ್ಕೆ ಇನ್ನೆರಡು ಕಲಿತರೆ ಕಾಲೇಜಿಗೆ ಹೋಗುವ ಹೊತ್ತಿಗೆ ಊರಿಗೆ ಬೇಕಾದ ಓದುಗ.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಾವು ಬೆನೆ ಇಸ್ರೇಲ್, ಅಂದ್ರ ಮರಾಠಿ ಮಾತಾಡೂ ಯಹೂದಿ ಮಂದಿ. ನಾ ಹುಟ್ಟಿ ಬೆಳದದ್ದು ಬೆಳಗಾವ್ಯಾಗ, ಈಗ ಮುಂಬೈ. ಮಗಳಿಗೆ 15. ‘ಸಿನಗಾಗ್‌ನ್ಯಾಗ ಹುಡುಗರಿಗೆ ಎಲ್ಲಾ ಐತಿ, ನಾ ಮ್ಯಾಲೆ ಕೂತು ನೋಡೂದಷ್ಟ’ ಅಂತಾಳ. ಏನ್ ಹೇಳ್ಲಿ?
– ಒಬ್ಬ ತಾಯಿ, ಮುಂಬೈ

ಉತ್ತರ: ಮಗಳು ಸುಳ್ಳು ಹೇಳುತ್ತಿಲ್ಲ ತಾಯಿ. ಸಾಂಪ್ರದಾಯಿಕ ಸಿನಗಾಗ್‌ನಲ್ಲಿ ಹೆಂಗಸರಿಗೆ ಮೇಲಿನ ಗ್ಯಾಲರಿ, ಅವಳನ್ನು ಮಿನ್ಯಾನ್‌ಗೆ ಎಣಿಸುವುದಿಲ್ಲ, ತೋರಾ ಓದಲು ಕರೆಯುವುದಿಲ್ಲ. ಇದನ್ನು ಸಿಹಿ ಮಾತಿನಲ್ಲಿ ಮುಚ್ಚಬೇಡಿ. ನ್ಯೂಯಾರ್ಕ್‌ನ ಜೂಡಿತ್ ಕ್ಯಾಪ್ಲನ್ ಎಂಬ ಹುಡುಗಿ 1922ರ ಮಾರ್ಚ್‌ನಲ್ಲಿ ಅಮೆರಿಕದ ಮೊದಲ ಬಾತ್ ಮಿಟ್ಸ್‌ವಾ (ಹುಡುಗಿಯರ ಬಾರ್ ಮಿಟ್ಸ್‌ವಾ) ಮಾಡಿಕೊಂಡಾಗ, ತಂದೆ ಮೊರ್ಡಕೈ ಕ್ಯಾಪ್ಲನ್ ಸ್ವತಃ ರಬ್ಬಿಯಾಗಿದ್ದರೂ, ಅವಳು ಓದಿದ್ದು ಸುರುಳಿಯಿಂದಲ್ಲ, ಅಚ್ಚಿನ ಪುಸ್ತಕದಿಂದ. ಅಲ್ಲಿಂದಾಚೆ ಬೇರೆ ಪಂಥಗಳು ಬಹಳ ದೂರ ಬಂದಿವೆ ಎಂಬುದು ಅವಳಿಗೆ ತಿಳಿದಿರಲಿ.

ನಿಮ್ಮಲ್ಲಿ ತೆರೆದಿರುವ ಬಾಗಿಲುಗಳೂ ಇವೆ. ಬೆನೆ ಇಸ್ರೇಲರಿಗೆ ತಮ್ಮದೇ ರಬ್ಬಿಗಳ ಪರಂಪರೆ ಇರಲಿಲ್ಲ, ಪ್ರಾರ್ಥನೆ ನಡೆಸುತ್ತಾ ಬಂದವರು ಹಜ್ಜಾನ್‌ಗಳು. 1948ರ ನಂತರ ಬಹುಪಾಲು ಮಂದಿ ಇಸ್ರೇಲಿಗೆ ಹೋದ ಮೇಲೆ ಹೀಬ್ರೂ ಕಲಿಸುವವರ ಅಭಾವ ಇನ್ನೂ ಹೆಚ್ಚು. ಚಿಕ್ಕ ಮಕ್ಕಳಿಗೆ ಹೀಬ್ರೂ ಅಕ್ಷರ ಕಲಿಸುವ ಕೆಲಸವನ್ನು ಅವಳು ನಾಳೆಯೇ ಶುರು ಮಾಡಬಹುದು. ಮಲೀದಾ ಇದೆಯಲ್ಲ, ಅವಲಕ್ಕಿಗೆ ಸಕ್ಕರೆ, ಕಾಯಿತುರಿ ಕಲಸಿ, ಮೇಲೆ ಹಣ್ಣು ಜೋಡಿಸಿ, ಎಲಿಯಾಹು ಹನಾವಿಯನ್ನು, ಅಂದರೆ ಪ್ರವಾದಿ ಎಲೀಯನನ್ನು, ನೆನೆದು ಹಾಡುವುದು. ತಟ್ಟೆ ಸಿದ್ಧಮಾಡಲು ಗೊತ್ತು, ಹಾಡಿನ ಹೀಬ್ರೂ ಮಾತ್ರ ಅರ್ಥವಾಗದು ಎನ್ನುವ ಮಕ್ಕಳೇ ಹೆಚ್ಚು. ಎರಡೂ ಬಲ್ಲವಳಾಗಲಿ. ಬೆನೆ ಇಸ್ರೇಲ್ ಹೆಂಗಸರು ಬೈಬಲ್ಲಿನ ಕಥೆಗಳ ಮೇಲೆ ಮರಾಠಿ ಹಾಡುಗಳನ್ನು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡು ಹಾಡುತ್ತಾ ಬಂದವರು. ಅಜ್ಜಿಯ ಕೈಯಲ್ಲಿ ಅಂಥದೊಂದು ನೋಟ್‌ಬುಕ್ ಇದ್ದರೆ, ಅಜ್ಜಿಯ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡುವ ಕೆಲಸಕ್ಕೆ ಹುಡುಗರ್ಯಾರೂ ಪೈಪೋಟಿಗೆ ಬರುವುದಿಲ್ಲ.

ಸಿನಗಾಗ್ ನೋಡಲು ಬರುವವರಿಗೆ ವಿವರ ಹೇಳುವುದು ಮತ್ತೊಂದು. ನಿಮ್ಮ ಮುಂಬೈಯ ಅತ್ಯಂತ ಹಳೆಯ ಸಿನಗಾಗ್ ‘ಗೇಟ್ ಆಫ್ ಮರ್ಸಿ’ಯನ್ನು 1796ರಲ್ಲಿ ಕಟ್ಟಿಸಿದವರು ಸ್ಯಾಮುಯೆಲ್ ಎಜೆಕಿಯಲ್ ದಿವೇಕರ್. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪುವಿನವರ ಕೈಗೆ ಸೆರೆ ಸಿಕ್ಕು, ಜೀವ ಉಳಿದದ್ದಕ್ಕೆ ಹರಕೆಯಾಗಿ ಕಟ್ಟಿಸಿದರೆಂದು ನಿಮ್ಮ ಜನ ಹೇಳುತ್ತಾ ಬಂದಿದ್ದಾರೆ. ಕನ್ನಡವೂ ಮರಾಠಿಯೂ ಬಲ್ಲ ಹುಡುಗಿ ಇದನ್ನು ಹೇಳಲು ನಿಂತರೆ ಕೇಳುವವರಿಗೆ ಹಬ್ಬ.

ಇಷ್ಟೆಲ್ಲ ಮಾಡಿಯೂ ಅವಳು ‘ಮೇಲೆ ಕೂತೇ ಇರಬೇಕಲ್ಲ’ ಎಂದರೆ ಸಿಟ್ಟಾಗಬೇಡಿ. ಹೆಂಗಸರೇ ಸೇರಿ ಪೂರಿಮ್‌ನಲ್ಲಿ ಎಸ್ತೇರಳ ಸುರುಳಿ ಓದುವ ಪದ್ಧತಿಗೆ ಆರ್ಥೊಡಾಕ್ಸ್‌ನಲ್ಲೂ ಕೆಲವೆಡೆ ಒಪ್ಪಿಗೆ ಇದೆ. ನಿಮ್ಮಲ್ಲಿ ಆದೀತೇ ಎಂದು ಸಮಿತಿಯನ್ನು ಅವಳೇ ಕೇಳಲಿ, ನೀವು ಜೊತೆಗೆ ಹೋಗಿ.

ಪ್ರಶ್ನೆ: ಮಗನ ಸಹಪಾಠಿಯ ಬಾರ್ ಮಿಟ್ಸ್‌ವಾಕ್ಕೆ ಕರೆ ಬಂದಿದೆ. ಶನಿವಾರ ಬೆಳಗ್ಗೆ. ಹುಡುಗ ಏನು ಮಾಡಬೇಕು, ಏನು ಕೊಡಬೇಕು?
– ನ್ಯೂಜೆರ್ಸಿ

ಉತ್ತರ: ಮೈ ಮುಚ್ಚುವ, ಶುಭ್ರವಾದ ಉಡುಪು ಸಾಕು. ಬಾಗಿಲ ಬಳಿ ಬುಟ್ಟಿಯಲ್ಲಿ ಪುಟ್ಟ ಟೋಪಿಗಳಿರುತ್ತವೆ, ಒಂದನ್ನು ತೆಗೆದು ತಲೆಗಿಡಲಿ. ಪಕ್ಕದಲ್ಲಿ ತೂಗುಹಾಕಿರುವ ಅಂಚುಕುಚ್ಚಿನ ಶಾಲು ಯಹೂದಿಗಳು ಹೊದೆಯುವಂಥದ್ದು, ಅದು ಬೇಡ. ಫೋನ್ ಹೊರತೆಗೆಯಬಾರದು. ಎಲ್ಲರೂ ಎದ್ದಾಗ ಏಳಬೇಕು. ಎರಡು–ಮೂರು ಗಂಟೆ ಹಿಡಿಯಬಹುದು, ತಿಂಡಿ ತಿನ್ನಿಸಿ ಕಳಿಸಿ. ಓದು ಮುಗಿಯುತ್ತಲೇ ಅನೇಕ ಕಡೆ ಹುಡುಗನ ಮೇಲೆ ಮೆತ್ತನೆಯ ಮಿಠಾಯಿ ಎಸೆಯುತ್ತಾರೆ. ಆಗ ಮಕ್ಕಳೆಲ್ಲ ಆರಿಸಲು ನುಗ್ಗುತ್ತಾರೆ, ನಿಮ್ಮವನೂ ನುಗ್ಗಲಿ. ಹಣವನ್ನು 18ರ ಗುಣಕದಲ್ಲಿ, ಅಂದರೆ 36 ಅಥವಾ 54 ಡಾಲರ್ ಹೀಗೆ, ಕೊಡುವುದು ರೂಢಿ. ಆದರೆ ಶನಿವಾರ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಆ ದಿನ ಹಣ ಮುಟ್ಟದವರಿರುತ್ತಾರೆ. ಲಕೋಟೆಯನ್ನು ಸಿನಗಾಗ್‌ಗೆ ಒಯ್ಯದೆ, ಸಬ್ಬತ್ ಕಳೆದ ಮೇಲೆ ಅವರ ಮನೆಗೆ ಮುಟ್ಟಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೆಯ ಸಿನಗಾಗ್ ಇದೆಯೇ? ನಾವು ಕಾಲೇಜು ಹುಡುಗರು ನೋಡಬಹುದೇ?
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ಹಳೆಯ ಸಿನಗಾಗ್ ಇಲ್ಲ, ಮೈಸೂರು ರಸ್ತೆಯಲ್ಲಿ ಯಹೂದಿಗಳ ಹಳೆಯ ಸ್ಮಶಾನವಿದೆ. ಹತ್ತಿರದ್ದೆಂದರೆ ಕೊಚ್ಚಿಯ ಮಟ್ಟಾಂಚೇರಿಯ ಪರದೇಶಿ ಸಿನಗಾಗ್, 1568ರದು. ಶನಿವಾರ ಪ್ರವಾಸಿಗರಿಗೆ ಬಾಗಿಲು ಇಲ್ಲ. ಊರಿನ ಯಹೂದಿಗಳಲ್ಲಿ ಬೆರಳೆಣಿಕೆಯವರಷ್ಟೇ ಉಳಿದಿದ್ದರಿಂದ, ಹೊರಗಿನಿಂದ ಯಹೂದಿ ಯಾತ್ರಿಕರು ಬಂದು ಸೇರದಿದ್ದರೆ ಅಲ್ಲಿ ಹತ್ತು ಜನರಾಗುವುದಿಲ್ಲ. ಪ್ರಾರ್ಥನೆ ನಡೆಯುವುದನ್ನೇ ನೋಡಬೇಕೆಂದರೆ ಮುಂಬೈ, ಠಾಣೆ ಅಥವಾ ಪುಣೆಗೆ ಹೋಗಿ. 2008ರಲ್ಲಿ ಮುಂಬೈಯ ಯಹೂದಿ ಕೇಂದ್ರ ನರಿಮನ್ ಹೌಸ್ ಮೇಲೆ ದಾಳಿಯಾದ ಮೇಲೆ ಕಾವಲು ಬಿಗಿಯಾಗಿದೆ, ಹೇಳದೆ ಕೇಳದೆ ಹೋದರೆ ಒಳಗೆ ಬಿಡುವುದು ಕಷ್ಟ. ಮೊದಲೇ ಫೋನ್ ಮಾಡಿ ಎಷ್ಟು ಜನ, ಯಾವ ದಿನ ಎಂದು ತಿಳಿಸಿ. ಎಲ್ಲರೂ ಗುರುತಿನ ಚೀಟಿ ಇಟ್ಟುಕೊಳ್ಳಿ.